ಒಗ್ಗರಣೆ ಹಾಕಿದ ಮೊಸರು ಬಜ್ಜಿ

ಗಾದಿಗನೂರಿಗೆ ಬಂದ ಮರುದಿನ ಬೆಳಿಗ್ಗೆ ನೋಡಿದರೆ ಮೊಸರಿನ ಕೆನೆ ಕೆಂಪಗಿತ್ತು. ಯಾರೋ ಕುಂಕುಮ ಉದುರಿಸಿದ್ದಾರೆ, ಮಾಟವೋ ಏನೋ ಎಂದು ಹೆದರಿ ಗಂಡನನ್ನು ಕೂಗಿದೆ. ಅವರು ಬೆರಳಲ್ಲಿ ಮುಟ್ಟಿ, "ಅದಿರಿನ ಧೂಳು ಕಣೆ," ಎಂದು ನಕ್ಕರು. ನನಗೆ ನಗು ಬರಲಿಲ್ಲ.

ನಿಮಗೆ ಗೊತ್ತಲ್ಲ, ನಮ್ಮ ನಂಜನಗೂಡಿನಲ್ಲಿ ಮೊಸರು ಬಜ್ಜಿ ಒಂದು ಕೆಲಸವೇ ಅಲ್ಲ. ಸೌತೆಕಾಯಿ ಹೆಚ್ಚಿ, ಮೊಸರು ಬೆರೆಸಿ, ಸಾಸಿವೆ ಸಿಡಿಸಿದರೆ ಮುಗಿಯಿತು. ಇಲ್ಲಿ ಮೊದಲು ಕಿಟಕಿ ಮುಚ್ಚಬೇಕು, ಸೌತೆಕಾಯಿಯನ್ನು ಮೂರು ಸಲ ತೊಳೆಯಬೇಕು. ಸಂಡೂರಿನ ಕಡೆಯಿಂದ ಅದಿರು ಹೊತ್ತ ಲಾರಿಗಳು ಮನೆ ಮುಂದೆಯೇ ಒಂದರ ಹಿಂದೊಂದು ಹೋಗುತ್ತವೆ. ಅವುಗಳ ರಿಪೇರಿ ಕೆಲಸಕ್ಕೆಂದೇ ನನ್ನ ಗಂಡ ಇಲ್ಲಿಗೆ ಬಂದದ್ದು. ಅವುಗಳನ್ನು ಬೈಯುವ ಹಕ್ಕು ನನಗಿರಲಿಲ್ಲ. ಆದರೂ ದಿನಾ ಬೈಯುತ್ತಿದ್ದೆ.

ನನ್ನ ಬೈಗುಳ ಕೇಳಿ ಬಂದವಳೇ ಪಕ್ಕದ ಮನೆಯ ಈರಮ್ಮ. "ಮೊಸರಿನ ಗಡಿಗಿಗೆ ಅರಿವಿ ಕಟ್ರಿ ಅಕ್ಕಾರ, ಇಲ್ಲಂದ್ರ ಮಣ್ಣು ತಿಂತೀರಿ ನೋಡ್ರಿ," ಎಂದು ಹಳೆಯ ಸೀರೆಯ ತುಂಡನ್ನು ತಾನೇ ಕಟ್ಟಿಕೊಟ್ಟಳು. ನಮ್ಮ ಬಜ್ಜಿಗೆ ಇಲ್ಲಿ ಪಚಡಿ ಎನ್ನುತ್ತಾರೆ. ಅದಕ್ಕೆ ಶೇಂಗಾ ಪುಡಿ ಹಾಕಿ ಜೋಳದ ರೊಟ್ಟಿಯ ಜೊತೆ ತಿನ್ನುವುದನ್ನು ಕಲಿಸಿದವಳೂ ಅವಳೇ. ನನ್ನ ಸಾಸಿವೆ ಒಗ್ಗರಣೆ ಅವಳಿಗೆ ಭಾರಿ ಇಷ್ಟವಾಯಿತು. ಈ ಊರಿನಲ್ಲಿ ನನ್ನನ್ನು ಒಳಗೆ ಕರೆದು ಕೂರಿಸುತ್ತಿದ್ದುದು ಅವಳೊಬ್ಬಳೇ.

ಒಂದು ಸಂಜೆ ಹೊಲದಿಂದ ಸೈಕಲ್ಲಿನಲ್ಲಿ ಬರುತ್ತಿದ್ದ ಅವಳ ಗಂಡನಿಗೆ ಅದಿರಿನ ಲಾರಿ ಬಡಿಯಿತು. ಲಾರಿ ನಿಲ್ಲಲಿಲ್ಲ. ಅವನು ಅಲ್ಲೇ ಸತ್ತ. ನನ್ನವರು ಎರಡು ದಿನ ಸರಿಯಾಗಿ ಉಣ್ಣಲಿಲ್ಲ. "ಅದು ನಾನೇ ಬ್ರೇಕು ರಿಪೇರಿ ಮಾಡಿದ ಗಾಡಿನೇ ಇರಬೌದು ಕಣೆ," ಎಂದು ಒಮ್ಮೆ ಹೇಳಿದರು, ಅಷ್ಟೇ.

ಈರಮ್ಮ ಏನೂ ತಿನ್ನುತ್ತಿಲ್ಲವೆಂದು ಕೇಳಿ ಮೂರನೆಯ ದಿನ ಅನ್ನ, ಮೊಸರು ಬಜ್ಜಿ ಒಯ್ದೆ. ಮುಚ್ಚಳ ತೆಗೆದ ಕೂಡಲೇ ಅವಳ ಅತ್ತೆ ಪಾತ್ರೆಯನ್ನು ಆಚೆ ನೂಕಿದರು.

"ಸತ್ತ ಮನಿಗೆ ಒಗ್ಗರಣಿ ಹಾಕಿ ತಂದೀಯಲ್ಲವ್ವ, ಇಲ್ಲೇನು ಹಬ್ಬ ಐತೇನು?"

ಸಾವಿನ ಮನೆಗೆ ಒಗ್ಗರಣೆ ಕೂಡದೆಂಬುದು ನಮ್ಮ ಕಡೆಯೂ ಇದೆ. ಅಡುಗೆ ಮಾಡುವಾಗ ಕೈ ರೂಢಿಯಂತೆ ಸಾಸಿವೆ ಡಬ್ಬಿಗೆ ಹೋಗಿತ್ತು, ತಲೆ ಎಲ್ಲೋ ಇತ್ತು. ನಾಚಿಕೆಯಿಂದ ಸತ್ತೆ.

"ಬಿಡತ್ತಿ, ಬೇಕಂತ ಮಾಡಿಲ್ಲ ಅಕಿ," ಎಂದಳು ಈರಮ್ಮ. ಆಮೇಲೆ ನನ್ನ ಕಡೆ ತಿರುಗಿದಳು. "ಒಗ್ಗರಣಿದೇನೂ ಇಲ್ರಿ ಅಕ್ಕಾರ. ನಿಮ್ಮ ಮನಿಯವರು ಆ ಲಾರಿಗಳ್ನ ನಿಲ್ಲಿಸ್ಲಿ. ಆಮ್ಯಾಲ ನಿಮ್ಮ ಕೈಯಾಗಿನ ಊಟ ಉಣ್ತೀನಿ."

ಪಾತ್ರೆ ಎತ್ತಿಕೊಂಡು ಮನೆಗೆ ಬಂದು ದೇವರ ಮುಂದೆ ಕೂತೆ. ಲಾರಿಗಳು ನಿಂತುಹೋಗಲಿ ಎಂದು ಕೇಳಿಕೊಳ್ಳಬೇಕೆಂದಿದ್ದೆ. ಅವು ನಿಂತರೆ ನಮಗಿಲ್ಲಿ ಕೆಲಸವಿಲ್ಲ. ನಮ್ಮೂರಿನಲ್ಲಿ ಕೆಲಸವಿಲ್ಲದ್ದಕ್ಕೇ ಇಲ್ಲಿಗೆ ಬಂದವರು ನಾವು. ಈರಮ್ಮನಿಗಾಗಿ ಬೇಡಿಕೊಳ್ಳಲು ಧೈರ್ಯ ಬರಲಿಲ್ಲ, ನಮಗಾಗಿ ಬೇಡಿಕೊಳ್ಳಲು ಮುಖವಿರಲಿಲ್ಲ. ಏನನ್ನೂ ಕೇಳದೆ ಕೈಮುಗಿದು ಎದ್ದೆ.