ಮಾರಾಟಕ್ಕಿದ್ದ ಸಾವ್ಕಾರರು

ಬೆಳಿಗ್ಗೆ ಹನ್ನೊಂದೂ ಹತ್ತಕ್ಕೆ ಸಿಂಧನೂರಿನಲ್ಲಿ ಗೆಳೆಯ ಶರಣಪ್ಪನ ಕಂಪ್ಯೂಟರ್ ಸೆಂಟರಿಗೆ ಟ್ರಾಕ್ಟರ್ ವ್ಯಾಪಾರದ ಸಾವ್ಕಾರರು ಜೀಪಿನ ಜಾಕ್ ರಾಡು ಹಿಡಿದು ನುಗ್ಗಿದರು. ಹಿಂದೆಯೇ ಅವರ ಹೆಂಡತಿ. ಅದು ೧೯೯೯. ನಾನೂ ಅಲ್ಲೇ ಶರಣಪ್ಪನ ಪಕ್ಕ ಕೂತಿದ್ದೆ.

"ನನ್ನ ಮಾರಾಕ ಇಟ್ಟೀಯೇನಲೇ? ಅದೂ ಸೆಕೆಂಡ್ ಹ್ಯಾಂಡ್ ಸಾಮಾನಿನಾಗ! ಲಿಂಗಸುಗೂರಾಗ ಬೀಗರ ಮುಂದ ಮಾನ ಹೋತು!" ಎಂದು ಸಾವ್ಕಾರರು ಶರಣಪ್ಪನ ಮೇಲೆ ಕೂಗಿದರು.

ಅವರ ಅಂಗಡಿಯ ವೆಬ್‌ಸೈಟ್ ಮಾಡಿದವನು ಶರಣಪ್ಪ. ನಮ್ಮ ಪರದೆಯಲ್ಲಿ ಫೋಟೊದೊಳಗಿನ ಸಾವ್ಕಾರರು ಮೇಲಿನ ಸಾಲಿನಲ್ಲಿ, ಹೊಸ ಟ್ರಾಕ್ಟರ್ ಪಕ್ಕ ನಗುತ್ತ ನಿಂತಿದ್ದರು. ಲಿಂಗಸುಗೂರಿನಲ್ಲಿ ಬಳಸುವ ಇನ್ನೊಂದು ಬ್ರೌಸರಿನಲ್ಲಿ ಅದೇ ಪುಟ ತೆರೆದು ನೋಡಿದೆ. ಆ ಬ್ರೌಸರ್ ಫೋಟೊ ಸುತ್ತಲಿನ ಖಾಲಿ ಜಾಗವನ್ನೂ ಅಗಲಕ್ಕೆ ಸೇರಿಸಿ ಲೆಕ್ಕ ಹಾಕುತ್ತಿತ್ತು. ಸಾಲಿನಲ್ಲಿ ಹಿಡಿಸದೆ ಸಾವ್ಕಾರರು ಕೆಳಗೆ ಜಾರಿ, 'ಹಳೆಯವು, ಮಾರಾಟಕ್ಕಿವೆ' ಎಂಬ ತಲೆಬರಹದಡಿ, ತುಕ್ಕು ಹಿಡಿದ ಎರಡು ಟ್ರಾಕ್ಟರುಗಳ ನಡುವೆ ಅದೇ ನಗು ನಗುತ್ತಿದ್ದರು.

ರಾಡು ಮಾನಿಟರ್ ಮೇಲೆ ಎದ್ದಿತು. ಅಂಗಡಿಯಲ್ಲಿದ್ದದ್ದು ಅದೊಂದೇ ಮಾನಿಟರ್.

"ಒಂದೀಟು ತಡೀರಿ ಸಾವ್ಕಾರ್ರ!" ಎನ್ನುತ್ತ ಶರಣಪ್ಪ ಪುಟದ ವಿನ್ಯಾಸ ಬರೆದಿಟ್ಟ ಸಿಎಸ್‌ಎಸ್ ಕಡತದಲ್ಲಿ ಆ ಖಾಲಿ ಜಾಗವನ್ನು ತೆಗೆದುಹಾಕಿದ. ಪುಟ ಮತ್ತೆ ತೆರೆದಾಗ ಸಾವ್ಕಾರರು ಎರಡೂ ಬ್ರೌಸರುಗಳಲ್ಲಿ ಮೇಲೇರಿದ್ದರು. ರಾಡು ಮೆಲ್ಲಗೆ ಕೆಳಗಿಳಿಯಿತು.

ಆಗ ಅವರ ಹೆಂಡತಿ ಸೆರಗು ಬಾಯಿಗೆ ಹಿಡಿದು ಅಂದರು: "ಇಷ್ಟು ಲಗೂನ ಯಾಕ ಸರಿ ಮಾಡಿದಿ ತಮ್ಮಾ? ಯಾರರ ರೇಟ್ ಕೇಳಿದ್ರ ಕೊಟ್ಟೇ ಬಿಡ್ತಿದ್ದೆ."

ಸಾವ್ಕಾರರೂ ನಕ್ಕರು. ನಮಗೆ ಮಾತ್ರ ನಗು ಬರಲಿಲ್ಲ.

ಅಂದಿನಿಂದ ರಾತ್ರಿ ಕಣ್ಣು ಮುಚ್ಚಿದರೆ ಆ ರಾಡು ಎದ್ದೇ ಇರುತ್ತಿತ್ತು. ಶನಿವಾರ ಲಿಂಗಸುಗೂರಿಗೆ ಬಸ್ಸಿನಲ್ಲಿ ಹೋಗಿ, ಸಾವ್ಕಾರರು ಅಲ್ಲಿಯೂ ಹೊಸ ಟ್ರಾಕ್ಟರ್ ಪಕ್ಕವೇ ಇರುವುದನ್ನು ಕಣ್ಣಾರೆ ನೋಡಿಬಂದ ಮೇಲೆಯೇ ನಾವಿಬ್ಬರೂ ಬೆಳಗಿನವರೆಗೆ ನಿದ್ದೆ ಮಾಡಿದ್ದು.