ಅಳಬಾರದ ಅಳು

ನಮ್ಮ ನರಿನ್ ಊರಲ್ಲಿ ಸಾವಿನ ಮನೆಗೆ ಗಂಡಸರು ಸುಮ್ಮನೆ ನಡೆದು ಹೋಗುವುದಿಲ್ಲ. ಅಂಗಳದಲ್ಲಿ ಹೆಣವಿಟ್ಟ ಗುಡಾರ ಕಂಡ ಕೂಡಲೇ ಗಟ್ಟಿಯಾಗಿ ಅಳುತ್ತಾ ಓಡಬೇಕು, ಸತ್ತವರನ್ನು ಒಡಹುಟ್ಟಿದವರಂತೆ ಕೂಗಿ ಕರೆಯಬೇಕು. ಅಳದೆ ಬಂದವನನ್ನು ಏಳು ತಲೆಮಾರು ಆಡಿಕೊಳ್ಳುತ್ತಾರೆ.

ಡಾಕ್ಟರ್ ಸಾತಿಬಾಲ್ಡಿ ಹಾಳಾದದ್ದು ಹೀಗೆ ಅತ್ತದ್ದರಿಂದಲೇ. ಕುದುರೆಯಿಂದ ಬಿದ್ದು ಹೊಟ್ಟೆಯೊಳಗೆ ರಕ್ತ ತುಂಬಿಕೊಂಡಿದ್ದ ಒಬ್ಬ ಸವಾರನಿಗೆ ಆಪರೇಷನ್ ಮಾಡಿದ. ಅರಿವಳಿಕೆ ಕೊಟ್ಟವನು ನಾನು. ಅವನ ಕೈ ಎಲ್ಲೂ ತಪ್ಪಲಿಲ್ಲ. ಕೊಡಲು ರಕ್ತ ಸಾಲಲಿಲ್ಲ, ಸವಾರ ಸತ್ತ. ಮರುದಿನ ಸಾತಿಬಾಲ್ಡಿ ಗುಡಾರದತ್ತ ಓಡಿ, 'ತಮ್ಮಾ, ನಿನ್ನ ಕೈಬಿಟ್ಟೆನಲ್ಲೋ' ಎಂದು ಗೋಳಾಡಿದ. ಅದನ್ನು ಯಾರೋ ಫೋನಿನಲ್ಲಿ ಹಿಡಿದರು. ಸವಾರನ ಮನೆಯವರು ಕೇಸು ಹಾಕಿದರು. ರಾಜಧಾನಿಯಿಂದ ಬಂದ ಅವರ ವಕೀಲ ಕೋರ್ಟಿನಲ್ಲಿ ಅದನ್ನೇ ಕೇಳಿಸಿ, ಇದು ತಪ್ಪೊಪ್ಪಿಗೆ ಎಂದ. ನ್ಯಾಯಾಧೀಶನೋ, ತನ್ನ ಮಾವ ಸತ್ತಾಗ ಇದಕ್ಕಿಂತ ಜೋರಾಗಿ ಅತ್ತವನು. ಆ ಮಹಾನುಭಾವನೂ ಹೌದೆಂದು ತಲೆಯಾಡಿಸಿದ. ಸಾತಿಬಾಲ್ಡಿಯ ಪರವಾನಗಿ ಹೋಯಿತು.

ಕತ್ತರಿ ಬಿಟ್ಟವನು ಕಾನೂನು ಓದಿದ. ಕೇಸು ಬೀಳದಂತೆ ಡಾಕ್ಟರುಗಳಿಗೆ ಸಲಹೆ ಕೊಡುವುದು, ವೈದ್ಯನೀತಿಯ ಪಾಠ ಹೇಳುವುದು ಅವನ ಹೊಸ ಕೆಲಸವಾಯಿತು. ರೋಗಿ ಸತ್ತರೆ ಗುಡಾರದ ಹತ್ತಿರ ಅಳಕೂಡದು; 'ನಿಮ್ಮ ದುಃಖದಲ್ಲಿ ಆಸ್ಪತ್ರೆಯೂ ಭಾಗಿ, ವಿವರ ಕಚೇರಿಯಲ್ಲಿ ಸಿಗುತ್ತದೆ' ಎಂದಷ್ಟೇ ಹೇಳಿ ಹಿಂತಿರುಗಬೇಕು. ಇದು ನೀತಿಯಂತೆ! ನನಗೆ ಮೈಯೆಲ್ಲ ಉರಿಯುತ್ತಿತ್ತು. ಆದರೆ ಕೇಸುಗಳು ನಿಜವಾಗಿಯೂ ನಿಂತವು, ಅವನ ಮಾತು ವೇದವಾಕ್ಯವಾಯಿತು.

ಅವನ ಅಚ್ಚುಮೆಚ್ಚಿನ ಶಿಷ್ಯ ಸರ್ಜನ್ ನುರ್ದಿನ್. ಸಾತಿಬಾಲ್ಡಿಯ ಹೆಂಡತಿ ಬುರುಲ್ ಕೈಯಡುಗೆ ತಿಂದು ಬೆಳೆದವನು, ಅವಳನ್ನು ಬಾಯ್ತುಂಬಾ ಅತ್ತಿಗೆ ಎನ್ನುತ್ತಿದ್ದವನು. ಬುರುಲ್‌ಗೆ ಪಿತ್ತಕೋಶದ ಆಪರೇಷನ್ ಆಗಬೇಕಾದಾಗ ಸಾತಿಬಾಲ್ಡಿ ಬೇರೆ ಯಾರನ್ನೂ ಒಪ್ಪಲಿಲ್ಲ. ನುರ್ದಿನ್‌ನೇ ಮಾಡಿದ. ಅವಳು ಮೇಜಿನ ಮೇಲೇ ಹೋಗಿಬಿಟ್ಟಳು.

ಸಾತಿಬಾಲ್ಡಿ ಪದ್ಧತಿಯಂತೆ ಕೋಲೂರಿಕೊಂಡು ಗುಡಾರದ ಹೊರಗೆ ನಿಂತ. ಊರಿಗೆ ಊರೇ ಅಳುತ್ತಾ ಓಡಿಬಂತು. ಅವನ ಕಣ್ಣು ಮಾತ್ರ ದಾರಿಯ ಮೇಲೆ. ಕೊನೆಗೆ ನುರ್ದಿನ್ ಬಂದ, ನಡೆದುಕೊಂಡು. ಎದುರಿಗೆ ನಿಂತು, ಕಲಿತ ವಾಕ್ಯವನ್ನು ಒಂದಕ್ಷರ ತಪ್ಪದೆ ಒಪ್ಪಿಸಿದ.

ಸಾತಿಬಾಲ್ಡಿ ಅವನ ತೋಳು ಹಿಡಿದುಕೊಂಡ. "ಇಲ್ಲಿ ಯಾರೂ ಫೋನ್ ಹಿಡ್ದಿಲ್ಲ ಕಣಪ್ಪಾ. ಒಂದೇ ಒಂದ್ಸಲ ಅತ್ತಿಗೇ ಅಂತ ಕೂಗಿ ಅಳು. ನಿಂಗೆ ಕೈಮುಗಿತೀನಿ."

ನುರ್ದಿನ್ ಸುತ್ತ ನೋಡಿದ.

"ಬೇಡ ಅಣ್ಣಾ. ಈಗ ನೀವು ರೋಗಿ ಕಡೆಯವ್ರು," ಎಂದು ಮೆಲ್ಲಗೆ ತೋಳು ಬಿಡಿಸಿಕೊಂಡು ಹೊರಟುಹೋದ.

ಸಾವಿನ ನಲವತ್ತನೆಯ ದಿನದ ಊಟ ಮುಗಿದ ಮೇಲೆ ಸಾತಿಬಾಲ್ಡಿ ಮತ್ತೆ ಪಾಠ ಹೇಳಲು ಬಂದ. ನಾನೂ ಹಿಂದೆ ಕೂತಿದ್ದೆ, ನುರ್ದಿನ್ ಮುಂದೆ. ಹೊಸದಾಗಿ ಸೇರಿದ ಡಾಕ್ಟರಮ್ಮ ಒಬ್ಬಳು, ನಡೆದದ್ದೇನೂ ತಿಳಿಯದವಳು, ಎದ್ದು ನಿಂತು ಕೇಳಿದಳು.

"ಸತ್ತವರ ಮನೆಯವ್ರೇ ಕೈಮುಗಿದು ಅಳಪ್ಪಾ ಅಂತ ಬೇಡ್ಕೊಂಡ್ರೆ ಏನ್ ಮಾಡೋದು ಸಾರ್?"

ಸಾತಿಬಾಲ್ಡಿ ನುರ್ದಿನ್ ಕಡೆ ಕೈ ತೋರಿಸಿದ.

"ನಾನೇ ಬೇಡ್ಕೊಂಡೆ. ಇವ್ನು ಅಳ್ಲಿಲ್ಲ. ಹಾಗಿರ್ಬೇಕು."

ಅವಳು ಅದನ್ನು ಬರೆದುಕೊಂಡಳು.