ಜತಿಗೊಂದು ಬೆಕ್ಕು

ಪ್ಲೇಗು ಇಳಿದ ಮೇಲೆ ಖಾಲಿ ಮನೆಗಳಿಗೆ ಸುಣ್ಣ ಹೊಡೆಸುವ ಕೆಲಸಕ್ಕೆಂದು ಹುಲಗೂರಿಗೆ ಹೋಗಿದ್ದೆ. ಸಾಕಿದವರನ್ನು ಕಳೆದುಕೊಂಡ ಬೆಕ್ಕುಗಳನ್ನೆಲ್ಲ ಅಲ್ಲಿ ಫಾತಿಮಾಬಿ ಎಂಬ ಮುದುಕಿ ತನ್ನ ಹಿತ್ತಲಲ್ಲಿ ಇಟ್ಟುಕೊಂಡು ಸಲಹುತ್ತಿದ್ದಳು. ಸವಣೂರಿನ ನಮ್ಮ ಮನೆಯ ಬೆಕ್ಕು ತನ್ನ ಒಡಹುಟ್ಟಿದ್ದು ಸತ್ತಾಗಿನಿಂದ ಹಾಲು ಮುಟ್ಟದೆ ಒಣಗುತ್ತಿತ್ತು. ನನಗೊಂದು ಮರಿ ಬೇಕೆಂದು ಮುದುಕಿಯನ್ನು ಕೇಳಿದೆ.

“ಇಲಿ ಹಿಡ್ಯಾಕೇನ್ರಿ?” ಅಂದಳು.

“ಅಲ್ರಿ ಅವ್ವಾ, ನಮ್ಮ ಬೆಕ್ಕಿಗೆ ಜತಿ ಬೇಕಾಗೇತಿ.”

ಅವಳು ನನ್ನ ಮುಖವನ್ನೇ ನೋಡಿದಳು. ಆಮೇಲೆ ಗೋಡೆಗೆ ಮುಖ ಮಾಡಿ ಕುಳಿತಿದ್ದ ಒಂದು ಮುದಿ ಬೆಕ್ಕನ್ನು ಎತ್ತಿ ತಂದಳು.

“ಮರಿಗೋಳನ್ನ ಯಾರಾರ ಒಯ್ತಾರ್ರಿ. ಇದರ ಮನ್ಯಾಗ ಒಬ್ಬರೂ ಉಳೀಲಿಲ್ಲ. ಇದಕ್ಕೂ ಜತಿ ಬೇಕು.”

ಅದನ್ನೇ ಎತ್ತಿಕೊಂಡು ಸವಣೂರಿಗೆ ಬಂದೆ.

ಮನೆಯಲ್ಲಿ ಎರಡೂ ಒಂದಕ್ಕೊಂದು ಗುರುಗುಟ್ಟಿದವು. “ಇದ್ದದ್ದನ್ನೂ ಕೊಲ್ಲಾಕ ತಂದೀಯೇನೋ?” ಎಂದು ನಮ್ಮವ್ವ ಬೈದಳು. ಕೆಲವು ದಿನ ಹಾಗೇ ಹೋದವು. ಒಂದು ಮುಂಜಾನೆ ನೋಡಿದರೆ, ಮುದಿ ಬೆಕ್ಕು ನಮ್ಮದರ ಕಿವಿ ನೆಕ್ಕುತ್ತಿತ್ತು. ಅವ್ವ ಸದ್ದು ಮಾಡದೆ ಹಾಲಿನ ಬಟ್ಟಲು ಇಟ್ಟಳು. ನಮ್ಮ ಬೆಕ್ಕು ಎದ್ದು ಬಂದು ಕುಡಿಯಿತು. ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಆ ಚಳಿಗಾಲವಿಡೀ ಒಲೆಯ ಮುಂದೆ ಅವೆರಡೇ ಮೈಚಾಚಿ ಮಲಗಿದ್ದವು. ಬೆಂಕಿ ಕಾಯಿಸಿಕೊಳ್ಳಲು ನಾವೇ ಪಕ್ಕದ ಮನೆಗೆ ಹೋಗಬೇಕಾಯಿತು.